ಗುಮ್ಮನ ಮೂರು ದಿನ

ಪತ್ರಿಕೆಯವರು ನನ್ನನ್ನು ‘ಉದಯೋನ್ಮುಖ ಅಶ್ವಾರೋಹಿ’ ಎಂದು ಕರೆಯಲು ಶುರುಮಾಡಿ ಆರೇಳು ವರ್ಷವಾಯಿತು. ಇಷ್ಟು ಕಾಲ ಉದಯಿಸುತ್ತಲೇ ಇರುವ ಸೂರ್ಯನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅಮ್ಮನಿಗೆ ಮಾತ್ರ ಆ ಶಬ್ದದ ಮೇಲೆ ಬಲು ಪ್ರೀತಿ. ನೆಂಟರಿಗೆಲ್ಲ ಫೋನಿನಲ್ಲಿ ಅದನ್ನೇ ಹೇಳಿ ಮುಗಿಸಿ, ಆಮೇಲೆ ನನಗೆ ಫೋನ್ ಮಾಡುತ್ತಾಳೆ.

“ಊಟ ಆಯ್ತೇನೇ?”

“ಎಲ್ಲಾರ್ದೂ ಆಯ್ತು. ನಂದೊಂದು ಬಾಕಿ.”

ಎಲ್ಲರೂ ಎಂದರೆ ಕುದುರೆಗಳು ಎಂದು ಅವಳಿಗೆ ಗೊತ್ತು. ನಿಟ್ಟುಸಿರು ಬಿಟ್ಟು ಫೋನ್ ಇಡುತ್ತಾಳೆ.

ನಾನಿರುವುದು ಲಾಯದ ಮೇಲಿನ ಕೋಣೆಯಲ್ಲಿ. ಒಂದು ಮಂಚ, ಒಂದು ಒಲೆ, ಒಂದು ಕುರ್ಚಿ. ಕುರ್ಚಿಯ ಮೇಲೆ ಸದಾ ಜೀನು ಕೂತಿರುತ್ತದೆ. ಅದನ್ನು ಎಬ್ಬಿಸಿ ಕೂರಿಸಬೇಕಾದ ಅತಿಥಿ ಇದುವರೆಗೆ ಬಂದಿಲ್ಲ. ಬೆಳಕು ಹರಿಯುವ ಮೊದಲೇ ಕೆಳಗಿಳಿದು ಸಗಣಿ ಎತ್ತಿ, ಹುಲ್ಲು ಹಾಕಿ, ಒಂದಾದ ಮೇಲೊಂದು ಕುದುರೆ ಹತ್ತಿ ಇಳಿಯುವಷ್ಟರಲ್ಲಿ ದಿನ ಮುಗಿದಿರುತ್ತದೆ. ಕೆಲವು ದಿನ ಸಂಜೆ ಅಂಗಡಿಯವನ ಹತ್ತಿರ ಬ್ರೆಡ್ ಕೇಳಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ. ಬೆಳಗಿನಿಂದ ಮನುಷ್ಯರೊಂದಿಗೆ ಆಡಿದ ಮೊದಲ ಮಾತು ಅದಾಗಿರುತ್ತದೆ. ಒಂಟಿ ಅನಿಸುತ್ತದಾ ಎಂದು ಯಾರಾದರೂ ಕೇಳಿದರೆ ನಗುತ್ತೇನೆ. ಅನಿಸುತ್ತದೆ, ತುಂಬಾ ಅನಿಸುತ್ತದೆ.

ಆ ಲಾಯದ ಕೊನೆಯ ಗೂಡಿನಲ್ಲಿದ್ದವನು ಗುಮ್ಮ. ಕಾಗದದಲ್ಲಿ ಅವನಿಗೆ ಮಾರುದ್ದದ ಹೆಸರಿತ್ತು, ಗುಮ್ಮ ಅಂದವಳು ನಾನು. ಬಂದ ಹೊಸದರಲ್ಲಿ ಬಕೆಟ್ಟು, ಹಗ್ಗ, ಒಣಗಲು ಹಾಕಿದ ಟವೆಲ್ಲು, ತನ್ನದೇ ನೆರಳು, ಎಲ್ಲದರಲ್ಲೂ ಗುಮ್ಮನನ್ನೇ ಕಾಣುತ್ತಿದ್ದ. ನೀರಿನ ಗುಂಡಿ ಕಂಡರಂತೂ ನಾಲ್ಕೂ ಕಾಲು ನೆಲಕ್ಕೆ ನೆಟ್ಟು ನಿಂತುಬಿಡುತ್ತಿದ್ದ. ಹಿಂದಿನ ಸವಾರ ಇದು ಉದ್ಧಾರವಾಗುವ ಪ್ರಾಣಿಯಲ್ಲ ಎಂದು ಕೈತೊಳೆದುಕೊಂಡಿದ್ದ. ನಾನು ಗಂಬೂಟು ಹಾಕಿಕೊಂಡು ಗುಂಡಿಯ ನಡುವೆ ಹೋಗಿ ನಿಂತೆ. ಎಳೆಯಲಿಲ್ಲ, ಗದರಲಿಲ್ಲ. ಒಂದು ಇಡೀ ಚಳಿಗಾಲ ಬೆಳಗ್ಗೆ ಬೆಳಗ್ಗೆ ಹೀಗೇ ನಿಂತು, ಅವನಿಗೆ ನನ್ನ ಬಾಲ್ಯದ ಕತೆ, ಅಣ್ಣ ಅತ್ತಿಗೆಯ ಜಗಳ, ಬ್ಯಾಂಕಿನವನ ಮೀಸೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಒಂದು ದಿನ ಬೇಸರ ಬಂದಿರಬೇಕು, ಪಾಪ. ತಾನಾಗಿ ನೀರಿಗಿಳಿದು ನನ್ನ ಭುಜಕ್ಕೆ ಮೂತಿ ಒರೆಸಿದ.

ಮೊದಲ ದಿನ ನಡಿಗೆ, ಎರಡನೇ ದಿನ ಬಯಲ ಓಟ, ಮೂರನೇ ದಿನ ಅಂಗಳದ ಹಾರಾಟ, ಹೀಗೆ ಮೂರು ದಿನ ನಡೆಯುವ ಸ್ಪರ್ಧೆಗೆ ಒಂದು ವಾರವಿರುವಾಗ ಯಜಮಾನಿ ಲಾಯಕ್ಕೆ ಬಂದರು. ಗುಮ್ಮ ಅವರ ಕುದುರೆ. ಒಳ್ಳೆಯ ಹೆಂಗಸು, ಕೋಲೂರಿ ನಡೆಯುತ್ತಾರೆ, ನನ್ನನ್ನು ಮಗಳೇ ಎನ್ನುತ್ತಾರೆ.

“ಬೇಜಾರು ಮಾಡ್ಕೋಬೇಡ ಮಗಳೇ,” ಎಂದರು. “ನಾನು ಕಣ್ಣು ಮುಚ್ಚೋದ್ರೊಳಗೆ ಇವನು ದೊಡ್ಡ ದೊಡ್ಡ ಪಂದ್ಯದಲ್ಲಿ ಓಡೋದನ್ನ ನೋಡ್ಬೇಕು. ಆ ಚಾಂಪಿಯನ್ ಸವಾರ ಇದಾನಲ್ಲ, ಅವನ ಹತ್ರ ಮಾತಾಡಿದೀನಿ. ಎರಡನೇ ದಿನ ತಪ್ಪಿಲ್ಲದೆ, ಟೈಮೊಳಗೆ ಮುಗಿಸಿದ್ರೆ ಅವನು ತಗೋತಾನಂತೆ. ಇಲ್ಲಾಂದ್ರೆ ಬೇರೆ ಕುದುರೆ ನೋಡ್ಕೋತಾನಂತೆ.”

“ಬೇರೆ ನೋಡ್ಕೊಂಡ್ರೆ?”

“ಆಗ ನಿನ್ನ ಹತ್ರಾನೇ ಇರ್ತಾನೆ. ಇನ್ನೆಲ್ಲಿಗೆ ಹೋಗ್ತಾನೆ.”

ದೊಡ್ಡ ಪಂದ್ಯಕ್ಕೆ ದೊಡ್ಡ ಕೈ ಬೇಕು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಚೆನ್ನಾಗಿ ಸವಾರಿ ಮಾಡಿದರೆ ಕುದುರೆ ಹೋಗುತ್ತದೆ, ಕೆಟ್ಟದಾಗಿ ಮಾಡಿದರೆ ಉಳಿಯುತ್ತದೆ. ಇಂಥ ಚಂದದ ಲೆಕ್ಕವನ್ನು ನನ್ನ ಮುಂದಿಟ್ಟು ಅವರು ಕೋಲೂರಿಕೊಂಡು ಕಾರು ಹತ್ತಿದರು.

ಮೊದಲ ದಿನ ಮರಳಿನ ಅಂಗಳದಲ್ಲಿ ಶಿಸ್ತಿನ ನಡಿಗೆ. ಗುಮ್ಮ ಕರಿ ಕೋಟಿನ ತೀರ್ಪುಗಾರರ ಮುಂದೆ ಮದುಮಗನ ಗತ್ತಿನಲ್ಲಿ ಕತ್ತು ಬಗ್ಗಿಸಿ ನಡೆದ. ಒಳ್ಳೆಯ ಅಂಕ ಬಂತು. ಚಪ್ಪಾಳೆ ತಟ್ಟುವವರು ಹೆಚ್ಚಿರಲಿಲ್ಲ. ನನ್ನ ಕಡೆಯವರಂತೂ ಯಾರೂ ಇರಲಿಲ್ಲ.

ಸಂಜೆ ಮರುದಿನದ ದಾರಿ ನಡೆಯಲು ಹೋದೆ. ಕ್ರಾಸ್ ಕಂಟ್ರಿಯ ನಿಯಮವೇ ಹಾಗೆ. ಬಯಲು, ಕಾಡು, ಕೊಳ ಎಲ್ಲ ದಾಟುವ ಆ ದಾರಿಯನ್ನು ಸವಾರರು ಮೊದಲೇ ನಡೆದು ನೋಡಬಹುದು, ಕುದುರೆಗೆ ಮಾತ್ರ ತೋರಿಸುವಂತಿಲ್ಲ. ನಾಳೆ ಏನಿದೆ ಎಂದು ನನಗೆ ಗೊತ್ತಿರುತ್ತದೆ, ಅವನಿಗಿರುವುದಿಲ್ಲ. ಉಳಿದವರು ಗುಂಪು ಗುಂಪಾಗಿ ನಡೆಯುತ್ತಿದ್ದರು. ಗುರುಗಳು, ಗಂಡಂದಿರು, ಹೆಂಡಂದಿರು, ಹೆಗಲ ಮೇಲೆ ಮಕ್ಕಳು. ನಾನು ಒಬ್ಬಳೇ ಹೆಜ್ಜೆ ಅಳೆಯುತ್ತಾ ಹೋದೆ.

ಕೊಳದ ಹತ್ತಿರ ನಿಂತೆ. ಒಂದು ದಪ್ಪ ದಿಮ್ಮಿ ಹಾರಿ ನೀರಿಗೆ ಧುಮುಕಬೇಕು. ಎದುರು ದಡದಲ್ಲೇ ಒಂದು ಸಣ್ಣ ಬೇಲಿ, ಅಗಲ ಕುದುರೆಯ ಎದೆಗಿಂತ ಒಂದಿಷ್ಟು ಹೆಚ್ಚು ಅಷ್ಟೇ. ಅದು ನೇರ ದಾರಿ. ಅದು ಬೇಡ ಅನ್ನುವವರಿಗೆ ಇನ್ನೊಂದು ದಾರಿಯೂ ಇತ್ತು. ನೀರಿನಿಂದ ಎಡಕ್ಕೆ ಹೊರಳಿ, ಮರಗಳನ್ನು ಸುತ್ತಿ ಬಂದು, ಅಗಲವಾದ ಸುಲಭದ ಬೇಲಿ ಹಾರುವುದು. ಹಾಗೆ ಸುತ್ತಿದರೆ ತಪ್ಪೆಂದು ಲೆಕ್ಕ ಹಿಡಿಯುವುದಿಲ್ಲ, ಆದರೆ ಹೊತ್ತು ಮೀರುವುದು ಖಂಡಿತ. ಹೊತ್ತು ಮೀರಿದರೆ ಚಾಂಪಿಯನ್ ಬೇರೆ ಕುದುರೆ ನೋಡಿಕೊಳ್ಳುತ್ತಾನೆ.

ನಾನು ಎರಡೂ ದಾರಿ ನಡೆದೆ. ಆಮೇಲೆ ಸುತ್ತು ದಾರಿಯನ್ನೇ ಮತ್ತೆ ಮತ್ತೆ ನಡೆದೆ. ಎಲ್ಲಿ ಲಗಾಮು ಎಳೆಯಬೇಕು, ಯಾವ ಮರದ ಬಳಿ ಹೊರಳಬೇಕು ಎಲ್ಲ ಗುರುತು ಮಾಡಿಕೊಂಡೆ. ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಹುಷಾರಾದ ಹುಡುಗಿ ಅನ್ನುತ್ತಿದ್ದರು, ಅಷ್ಟೇ.

ಮಂಡಿ ನೋವೆಂದು ಮನೆಯಲ್ಲೇ ಉಳಿದಿದ್ದ ಮೇಷ್ಟ್ರು ಫೋನ್ ಮಾಡಿದರು. ನನಗೆ ಸವಾರಿ ಕಲಿಸಿದವರು ಅವರೇ.

“ನೀರಿನ ಹತ್ರ ಹೆಂಗೆ?”

“ನೋಡ್ತೀನಿ ಮೇಷ್ಟ್ರೇ. ಸುತ್ತಿ ಹೋಗೋಣ ಅಂತ.”

“ಸುತ್ತೋದಾದ್ರೆ ಮೊದ್ಲೇ ಹೇಳ್ಬಿಡು ಅವನಿಗೆ. ಬೇಲಿ ಅವನ ಕಣ್ಣಿಗೆ ಬಿದ್ದು ಹೊರಟ್ಮೇಲೆ ತಪ್ಪಿಸ್ಬೇಡ. ಒಂದು ಸಲ ತಪ್ಪಿಸಿದ್ರೆ ಮುಂದೆ ಪ್ರತಿ ಬೇಲಿಗೂ ಹಾರ್ಲೋ ಬೇಡ್ವೋ ಅಂತ ನಿನ್ನ ಕೇಳ್ತಾನೆ. ಕುದುರೆ ಕೆಟ್ಟ ಹಾಗೇ.”

“ಗೊತ್ತು,” ಎಂದೆ. ನಿಜಕ್ಕೂ ಗೊತ್ತಿತ್ತು.

ಎರಡನೇ ದಿನ ಗಂಟೆ ಹೊಡೆಯಿತು, ಹೊರಟೆವು. ಆ ದಿನದ ಗುಮ್ಮನನ್ನು ಹೇಗೆ ವರ್ಣಿಸಲಿ. ಹಳ್ಳ ಹಾರಿದ, ಗೋಡೆ ಹಾರಿದ, ಇಳಿಜಾರಿನ ದಿಮ್ಮಿಗಳನ್ನು ಹಾರಿದ. ಪ್ರತಿ ಬೇಲಿಯ ಮುಂದೂ ಕಿವಿ ನಿಮಿರಿಸಿ, ಇದಾ, ಇದೇನಾ ಎಂದು ಕೇಳಿ, ಹೌದು ಎಂದು ನನ್ನ ಕಾಲು ಹೇಳುವ ಮೊದಲೇ ನೆಲ ಬಿಟ್ಟಿರುತ್ತಿದ್ದ. ಗಾಳಿ ಕಿವಿಯಲ್ಲಿ ಮೊರೆಯುತ್ತಿತ್ತು. ನನಗೆ ಅಳುವೂ ಬಂತು, ನಗುವೂ ಬಂತು. ಇಂಥವನನ್ನು ಯಾರಾದರೂ ಕೊಟ್ಟುಬಿಡುತ್ತಾರೆಯೇ ಎಂದುಕೊಂಡೆ.

ಮರಗಳ ಸಾಲು ದಾಟಿದರೆ ಕೊಳ. ದಡದಲ್ಲಿ ಜನ. ಅವರ ನಡುವೆ ಕೈಕಟ್ಟಿ ನಿಂತ ಚಾಂಪಿಯನ್. ದಿಮ್ಮಿಯ ಮುಂದೆ ವೇಗ ತಗ್ಗಿಸಬೇಕಿತ್ತು, ತಗ್ಗಿಸಿದೆ. ನೀರಿಗಿಳಿದೊಡನೆ ಹೊರಳಲು ಅಲ್ಲೇ ಅವನ ಮುಖವನ್ನು ಎಡಕ್ಕೆ ತಿರುಗಿಸಬೇಕಿತ್ತು. ಹಿಂದಿನ ಸಂಜೆ ಅಷ್ಟು ಸಲ ನಡೆದು ಗುರುತು ಮಾಡಿದ ಜಾಗ ಅದೇ. ಆದರೆ ನೀರು ಕಂಡಾಗ ಅವನು ಒಂದು ಕ್ಷಣ ಹಳೆಯ ಗುಮ್ಮನಾದ. ಮೈಯೆಲ್ಲ ಬಿಗಿಯಾಯಿತು. ಎಷ್ಟೋ ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಸಡಿಲವಾಯಿತು, ಬಾಯಿ ತಾನಾಗಿ “ಏನೂ ಇಲ್ಲ ಕಣೋ, ನಾನಿದೀನಿ” ಎಂದಿತು. ಅವನು ದಿಮ್ಮಿ ಹಾರಿ ನೀರಿಗೆ ಧುಮುಕಿದ. ಮುಖಕ್ಕೆಲ್ಲ ನೀರು ಎರಚಿತು. ಕಣ್ಣು ಬಿಡುವಷ್ಟರಲ್ಲಿ ಅವನ ಎರಡೂ ಕಿವಿ ಎದುರಿನ ಆ ಸಣ್ಣ ಬೇಲಿಯ ಕಡೆ ನೆಟ್ಟಿದ್ದವು.

ಬೇಲಿ ಅವನ ಕಣ್ಣಿಗೆ ಬಿದ್ದಿತ್ತು. ಎಡ ಲಗಾಮು ನನ್ನ ಬೆರಳಲ್ಲಿತ್ತು. ಆಗಲೂ ಎಳೆಯಬಹುದಿತ್ತು. ಎಳೆದಿದ್ದರೆ ಅವನು ಹೊರಳುತ್ತಿದ್ದ, ನನ್ನ ಮಾತು ಕೇಳದವನಲ್ಲ. ನನ್ನ ಹತ್ತಿರವೇ ಉಳಿಯುತ್ತಿದ್ದ. ಆದರೆ ಮುಂದೆಂದೂ ಹೀಗೆ ಹೋಗುತ್ತಿರಲಿಲ್ಲ. ನೀರಿಗೆ ಹೆದರುತ್ತಿದ್ದ ಜೀವ ಮೊದಲ ಸಲ ಯಾರನ್ನೂ ಕೇಳದೆ ತಾನೇ ದಾರಿ ಹುಡುಕಿಕೊಂಡಿತ್ತು. ಅದನ್ನು ಅವನಿಂದ ಕಸಿದುಕೊಳ್ಳಲು ನನ್ನಿಂದಾಗಲಿಲ್ಲ. ಎರಡೂ ಕಾಲು ಒತ್ತಿ, ಹೋಗು ಎಂದೆ.

ಹೋದ. ಬೇಲಿಯ ನಟ್ಟನಡುವೆ, ಒಂದು ಗೂಟಕ್ಕೂ ತಾಗದಂತೆ. ಜನ ಹೋ ಎಂದರು. ಚಾಂಪಿಯನ್ ಕಟ್ಟಿದ್ದ ಕೈ ಬಿಚ್ಚಿ ಚಪ್ಪಾಳೆ ತಟ್ಟುತ್ತಿದ್ದದ್ದು ಓರೆಗಣ್ಣಿಗೆ ಕಂಡಿತು. ಆ ಚಪ್ಪಾಳೆಯ ಅರ್ಥ ಅಲ್ಲಿದ್ದವರ ಪೈಕಿ ನನಗೊಬ್ಬಳಿಗೇ ಪೂರ್ತಿ ಗೊತ್ತಿತ್ತು.

ಸಮಯದೊಳಗೆ ಮುಗಿಸಿದೆವು. ಓಟದ ದಣಿವಾರಲೆಂದು ಗುಮ್ಮನ ಕಾಲಿಗೆ ಮಂಜುಗಡ್ಡೆ ಕಟ್ಟುತ್ತಾ ಕೂತಿದ್ದಾಗ ಅಮ್ಮನ ಫೋನು.

“ಚೆನ್ನಾಗಿ ಮಾಡಿದ್ಯಂತೆ? ಯಜಮಾನಿ ಅಮ್ಮ ಫೋನ್ ಮಾಡಿದ್ರು. ಮತ್ತೆ ದನಿ ಯಾಕೆ ಹಿಂಗಿದೆ?”

“ಧೂಳು.”

“ಒಂದು ಕುದುರೆ ಹೋದ್ರೆ ಇನ್ನೊಂದು ಬರಲ್ವೇನೇ,” ಎಂದಳು ಮೆಲ್ಲಗೆ. ಅವಳಿಗೆ ಎಲ್ಲ ಗೊತ್ತಾಗಿತ್ತು. ಬರುತ್ತೆ ಎಂದೆ. ಬರುತ್ತವೆ, ಬರದೆ ಏನು. ಕುದುರೆಗಳಿಗೇನು ಬರ.

ಮೂರನೇ ದಿನ ಬೆಳಗ್ಗೆ ಕುದುರೆ ಡಾಕ್ಟರು ನೋಡಿ ಗುಮ್ಮನ ಕಾಲು ಸರಿಯಿದೆ ಎಂದರು. ಮಧ್ಯಾಹ್ನ ಅಂಗಳದಲ್ಲಿ ಬಣ್ಣದ ಅಡ್ಡಪಟ್ಟಿಗಳನ್ನು ಹಾರಿದ. ಒಂದನ್ನೂ ಬೀಳಿಸಲಿಲ್ಲ. ನಮಗೆ ಎರಡನೇ ಸ್ಥಾನ ಬಂತು. ಬದುಕಿನಲ್ಲಿ ನಾನು ಅಷ್ಟು ಮೇಲೆ ಎಂದೂ ಹೋದವಳಲ್ಲ. ಫೋಟೋ ತೆಗೆದರು. ಯಜಮಾನಿ ಕೋಲನ್ನು ಯಾರ ಕೈಗೋ ಕೊಟ್ಟು ನನ್ನನ್ನು ತಬ್ಬಿಕೊಂಡು ಅತ್ತರು. ಚಾಂಪಿಯನ್ ಬಂದು ಕೈ ಕುಲುಕಿದ. ಒಳ್ಳೆಯವನೇ. ಬಯ್ಯೋಣವೆಂದರೆ ಒಂದು ಕಾರಣವನ್ನೂ ಕೊಡಲಿಲ್ಲ.

ಅವನ ಲಾರಿ ಆಗಲೇ ಬಂದು ನಿಂತಿತ್ತು. ಕೊನೆಯ ವಿದಾಯ ಅದೂ ಇದೂ ನನಗಾಗುವುದಿಲ್ಲ ಎಂದು ನಾನು ದೂರದಲ್ಲಿ ಖಾಲಿ ಬಕೆಟ್ಟುಗಳನ್ನು ಇನ್ನೊಮ್ಮೆ ತೊಳೆಯುತ್ತಾ ಕೂತೆ. ಆದರೆ ಗುಮ್ಮ ಲಾರಿಗೆ ಹತ್ತಿಸುವ ಇಳಿಜಾರು ಹಲಗೆಯ ಮುಂದೆ ಕಾಲು ನೆಟ್ಟು ನಿಂತುಬಿಟ್ಟ. ಇಬ್ಬರು ಆಳುಗಳು ಧಾನ್ಯ ತೋರಿಸಿದರು, ಪುಸಲಾಯಿಸಿದರು, ಕೊನೆಗೆ ಹಿಂಭಾಗಕ್ಕೆ ಹಗ್ಗ ಹಾಕಿ ಮುಂದಕ್ಕೆ ಎಳೆಯಲು ಅಣಿಯಾದರು. ಅವನ ಬೆನ್ನೆಲ್ಲ ಬೆವರು. ಚಾಂಪಿಯನ್ ನನ್ನ ಹತ್ತಿರ ಬಂದು, ಕೇಳಲೋ ಬೇಡವೋ ಎಂಬಂತೆ ನಿಂತ.

“ಸ್ವಲ್ಪ ಬರ್ತೀರಾ? ನಿಮ್ಮ ಹಿಂದೆ ಆದ್ರೆ ಬರ್ತಾನೆ ಅನ್ಸುತ್ತೆ.”

ಇಲ್ಲ ಎನ್ನಬಹುದಿತ್ತು. ಅಂದರೆ ಹಗ್ಗ ಹಾಕುತ್ತಿದ್ದರು. ಕೈ ಒರೆಸಿಕೊಂಡು ಹೋದೆ. ಅವನ ಮೂತಿಯ ಹಗ್ಗ ಹಿಡಿದು, ಹಿಂದೆ ನೋಡದೆ ಹಲಗೆ ಹತ್ತಿದೆ. ಬೆನ್ನ ಹಿಂದೆ ಗೊರಸುಗಳು ದಡದಡ ಸದ್ದು ಮಾಡುತ್ತಾ ಬಂದವು, ಒಂದು ಹೆಜ್ಜೆಯೂ ತಡೆಯಲಿಲ್ಲ. ಒಳಗೆ ಹೊಸ ಬಣ್ಣದ ವಾಸನೆ, ಅರೆಗತ್ತಲು. ಹಗ್ಗವನ್ನು ಲಾರಿಯ ಗೋಡೆಯಲ್ಲಿದ್ದ ಕಬ್ಬಿಣದ ಬಳೆಗೆ ಕಟ್ಟಿದೆ. ಹಿಂದೆ ಹಲಗೆ ಮೇಲೆದ್ದು ಮುಚ್ಚಿಕೊಂಡಿತು. ಅವನು ಬೆಚ್ಚಿದ. ನಾನು ಪಕ್ಕದಲ್ಲೇ ಇದ್ದೇನೆಂದು ನೋಡಿ, ಸಮಾಧಾನವಾಗಿ, ತೂಗುಹಾಕಿದ್ದ ಬಲೆಚೀಲದ ಹುಲ್ಲಿಗೆ ಬಾಯಿ ಹಾಕಿದ.

ಇಂಥ ಲಾರಿಗಳಲ್ಲಿ ಮನುಷ್ಯರು ಇಳಿಯಲು ಪಕ್ಕದಲ್ಲಿ ಒಂದು ಚಿಕ್ಕ ಬಾಗಿಲಿರುತ್ತದೆ, ಬಗ್ಗಿಕೊಂಡೇ ಹೋಗಬೇಕು. ನಾನು ಅದರ ಚಿಲಕ ತೆಗೆದಾಗ ಅವನು ಹುಲ್ಲು ಅಗಿಯುವುದು ನಿಲ್ಲಿಸಿ ತಲೆ ಎತ್ತಿದ.

“ಇರು, ಬಂದೆ,” ಎಂದೆ.

ಕೆಳಗಿಳಿದು ಬಾಗಿಲು ಹಾಕಿದೆ. ಒಳಗಿನಿಂದ ಕೆನೆತ ಬರಲಿಲ್ಲ, ಒದೆತದ ಸದ್ದೂ ಬರಲಿಲ್ಲ. ಮತ್ತೆ ಹುಲ್ಲು ಅಗಿಯುತ್ತಿರುವುದು ಮಾತ್ರ ಕೇಳಿಸುತ್ತಿತ್ತು.