ಮನೆ ಪಿನ್ನು, ಬೀದಿ ಪಿನ್ನು

ನನ್ನ ಹೆಂಡತಿ ದರ್ಜಿ. ದೇಶದೇಶಗಳ ಆಟಗಾರರು ಸೇರುವ ದೊಡ್ಡ ಕ್ರೀಡಾಕೂಟ ಎಲ್ಲಿ ನಡೆದರೂ ಸ್ವಯಂಸೇವಕಿಯಾಗಿ ಹೋಗಿ, ಆಟಗಾರರ ಹರಿದ ಅಂಗಿ, ಕಿತ್ತ ಜಿಪ್ಪು ಸರಿಮಾಡಿಕೊಟ್ಟು ಬರುತ್ತಿದ್ದಳು. ಕೂಲಿ ಕೇಳಿದವಳಲ್ಲ. ಯಾರಾದರೂ ತೀರ ಒತ್ತಾಯ ಮಾಡಿದರೆ ಅವರ ತಂಡದ ಪಿನ್ನೊಂದನ್ನು ಇಸಿದುಕೊಳ್ಳುತ್ತಿದ್ದಳು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಲೋಹದ ಬಿಲ್ಲೆ, ಮೇಲೆ ಬಣ್ಣದ ಚಿತ್ರ, ಹಿಂದೆ ಅಂಗಿಗೆ ಚುಚ್ಚುವ ಮುಳ್ಳು. ಇಂಥವನ್ನು ಕೂಡಿಡುವವರದೂ ಅದಲುಬದಲು ಮಾಡಿಕೊಳ್ಳುವವರದೂ ಒಂದು ಲೋಕವೇ ಕ್ರೀಡಾಂಗಣದ ಹೊರಗೆ ನೆರೆಯುತ್ತದೆ. ಅಲ್ಲಿ ದುಡ್ಡು ನಡೆಯದು. ಪಿನ್ನಿಗೆ ಪಿನ್ನು. ಕೈ ಕುಲುಕಿದರೆ ಮುಗಿಯಿತು, ಕೊಟ್ಟದ್ದನ್ನು ಹಿಂದೆ ಕೇಳುವ ಹಾಗಿಲ್ಲ.

ಕೂಟ ನಮ್ಮ ಊರಿಗೇ ಬಂದ ವರ್ಷ ಅವಳಿಲ್ಲ. ಭಗವಂತ ಕರೆಸಿಕೊಂಡ. ಅವನ ಅಂಗಿಯೂ ಎಲ್ಲಿಯಾದರೂ ಹರಿದಿತ್ತೋ ಏನೋ.

“ಅಪ್ಪ, ಅಮ್ಮನ ಪಿನ್ನು ತಗೊಂಡು ನೀವೇ ಒಂದು ದಿನ ಕೂತು ಬನ್ನಿ,” ಎಂದಳು ಮಗಳು. “ಅಂಗಡೀಲಿರೋ ಗಡಿಯಾರಗಳೇನು ಓಡಿಹೋಗಲ್ಲ.”

“ಓಡಲಿ ಅಂತಲೇ ಅಲ್ವೇನಮ್ಮ ಜನ ನನ್ನ ಹತ್ರ ತರೋದು,” ಎಂದೆ. ಆದರೂ ಹೋದೆ.

ಅವಳ ಪಿನ್ನುಗಳೆಲ್ಲ ಒಂದು ಕಪ್ಪು ಬಟ್ಟೆಯ ಮೇಲಿದ್ದವು. ಬಟ್ಟೆಯ ನಡುವೆ ಬಿಳಿ ದಾರದ ಗೆರೆ. ಗೆರೆಯ ಒಂದು ಪಕ್ಕ ಬೀದಿ ಪಿನ್ನು, ಯಾರಿಗೆ ಬೇಕಾದರೂ ಕೊಡುವಂಥವು. ಇನ್ನೊಂದು ಪಕ್ಕ ಮನೆ ಪಿನ್ನು, ಎಂದಿಗೂ ಕೊಡದಂಥವು. ಊಟದ ಮೇಜಿನ ಮೇಲೆ ಅವಳು ಅದನ್ನು ಹರಡಿಕೊಂಡಾಗಲೆಲ್ಲ ನಾನು ಎದುರು ಕುರ್ಚಿಯಲ್ಲಿ ಕೂತು ನೋಡಿದವನು. ನನ್ನ ಎಡಗೈ ಕಡೆ ಮನೆಯವು, ಬಲಗೈ ಕಡೆ ಬೀದಿಯವು. ಅದು ಮನಸ್ಸಿನಲ್ಲಿ ಅಚ್ಚೊತ್ತಿತ್ತು.

ಬಸ್ಸುಗಳು ನಿಲ್ಲುವ ಬಯಲಿನ ಅಂಚಿನಲ್ಲಿ, ತಂತಿಬೇಲಿಗೆ ಬೆನ್ನು ಕೊಟ್ಟು ಪಿನ್ನಿನವರು ಸಾಲಾಗಿ ಕೂತಿದ್ದರು. ಚಿತ್ರಗಳು ನನಗೆ ನೆಟ್ಟಗೆ ಕಾಣುವಂತೆ ಬಟ್ಟೆ ಹರಡಿ, ಅವಳ ಮಡಿಸುವ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಅವಳ ಹಳೆಯ ಗೆಳತಿ ಟೋಪಿಯಮ್ಮ. ಆಕೆಯ ಟೋಪಿಯ ಮೇಲೆ ಪಿನ್ನಿಲ್ಲದ ಜಾಗವೇ ಇಲ್ಲ.

“ಬನ್ನಿ ಭಾವ. ಅಕ್ಕನ ಕುರ್ಚಿ ಖಾಲಿ ಇರುತ್ತೆ ಅಂತ ಹೆದರಿದ್ದೆ.”

“ಕತ್ತು ನೋಯಲ್ವೇನಮ್ಮ?”

“ನೋಯುತ್ತೆ. ತಲೆ ಒಳಗಂತೂ ಭಾರ ಇಲ್ಲ, ಮೇಲಾದರೂ ಇರಲಿ ಅಂತ.”

ಆಕೆ ನೀರು ತರಲು ಹೋದಾಗ ನನ್ನ ಮೊದಲ ಗಿರಾಕಿ ಬಂದಳು. ಭಾರ ಎತ್ತುವ ಒಂದು ತಂಡಕ್ಕೆ ತರಬೇತಿ ಕೊಡುವವಳು, ಕಂಬದಂಥ ಹೆಂಗಸು. ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು. ನನ್ನ ಬಲಗಡೆಯಿಂದ ಒಂದು ಪಿನ್ನು ತೋರಿಸಿದಳು. ನೀಲಿ ಹಿನ್ನೆಲೆಯ ಮೇಲೆ ಬಿಳಿ ದೋಣಿ, ಅಂಚಿನಲ್ಲಿ ಬಣ್ಣ ಎದ್ದಿತ್ತು. ಹಿಂದೆಮುಂದೆ ತಿರುಗಿಸಿ ನೋಡಿ, ಬದಲಿಗೆ ಅಂಗೈಯಗಲದ, ನಡುವೆ ಚಕ್ರ ತಿರುಗುವ ಹೊಳೆಯುವ ಪಿನ್ನು ಇಟ್ಟಳು. ಕೈ ಕುಲುಕಿದೆವು. ವ್ಯಾಪಾರದಲ್ಲಿ ನಾನೂ ಏನು ಕಡಿಮೆ ಎಂದುಕೊಂಡೆ.

ಟೋಪಿಯಮ್ಮ ಬಂದು ಬಟ್ಟೆ ನೋಡಿದವಳೇ ನೀರಿನ ಬಾಟಲಿ ಕೆಳಗಿಟ್ಟಳು.

“ದೋಣಿ ಎಲ್ಲಿ ಭಾವ?”

“ಕೊಟ್ಟೆ. ಬೀದಿ ಪಿನ್ನಲ್ವೇ?”

“ಅಯ್ಯೋ ದೇವರೇ! ಬಲಗಡೆ ಇರೋದು ಮನೇವು!”

ಆಗ ತಿಳಿಯಿತು. ಇಷ್ಟು ವರ್ಷ ಎದುರು ಕೂತು ನೋಡಿದ್ದನ್ನು ಈಗ ಅವಳ ಜಾಗದಲ್ಲಿ ಕೂತು ನೋಡುತ್ತಿದ್ದೆ. ಎಡ ಬಲವಾಗಿತ್ತು.

“ಅದನ್ನ ನನಗೆ ಕೊಡು ಅಂತ ಎಷ್ಟು ಗೋಗರೆದಿದ್ದೆ,” ಎಂದಳು ಟೋಪಿಯಮ್ಮ. “ಕೊಡಲೇ ಇಲ್ಲ. ಅದರ ಬೆನ್ನು ನೋಡಿದ್ರಾ? ಮುಳ್ಳಿನ ಬುಡದಲ್ಲಿ ಕಡಲೆಕಾಳಿನಷ್ಟು ಬೆಸುಗೆ. ‘ನಮ್ಮ ಯಜಮಾನರು ಕೆಲಸ ಕಲೀತಿದ್ದಾಗ ಹಾಕಿದ್ದು ಕಣೇ, ನನಗೆ ಮೊದಲು ರಿಪೇರಿ ಮಾಡಿಕೊಟ್ಟ ವಸ್ತು’ ಅಂತ ಎಲ್ಲರಿಗೂ ತೋರಿಸೋಳು.”

ನನಗೆ ಅದು ನೆನಪೇ ಇರಲಿಲ್ಲ. ಅವಳ ಸೀರೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲ ಮನೆಯಲ್ಲಿವೆ. ಆದರೆ ಅವಳಿಗೆ ನನ್ನ ಮೇಲಿದ್ದ ಅಕ್ಕರೆಗೆ ಕಣ್ಣಿಗೆ ಕಾಣುವ ಸಾಕ್ಷಿ ಅದೊಂದೇ, ಅದನ್ನು ನನ್ನ ಕೈಯಾರೆ ಕೊಟ್ಟಿದ್ದೆ.

ಕೋಚಮ್ಮ ಬೇಲಿಯ ಕೊನೆಯಲ್ಲಿ ಸಿಕ್ಕಳು. ನಡೆದದ್ದು ಹೇಳಿ, ಚಕ್ರದ ಪಿನ್ನು ಚಾಚಿದೆ. ಅವಳು ಮುಟ್ಟಲಿಲ್ಲ.

“ಕೈ ಕುಲುಕಿ ಆಗಿದೆ, ಯಜಮಾನರೇ.”

“ತಪ್ಪಾಯ್ತು ತಾಯಿ. ಗೊತ್ತಿಲ್ಲದೆ ಕೊಟ್ಟೆ.”

“ಪಾಪ ಅಂತ ವಾಪಸ್ ಕೊಟ್ಟರೆ ಅದು ಭಿಕ್ಷೆ. ಸೂಜಿಯಮ್ಮ ಯಾರ ಹತ್ರಾನೂ ಭಿಕ್ಷೆ ತಗೊಂಡವರಲ್ಲ.” ನನ್ನ ಹೆಂಡತಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆಂದು ಆಗಲೇ ತಿಳಿದದ್ದು. “ಹೊಸದಾಗಿ ಬದಲು ಮಾಡೋಣ. ಅವರ ಮನೆ ಪಿನ್ನಲ್ಲೇ ಒಂದು ಕೊಡಿ. ಅದು ಯಾಕೆ ಮನೇದು ಅಂತ ಹೇಳಿ ಕೊಡಿ. ಹೆಸರು ಗೊತ್ತಿಲ್ಲದ ಮಗೂನ ನಾನು ಎತ್ತಿಕೊಳ್ಳಲ್ಲ.”

ಎಂಥ ಹೆಂಗಸು! ಸಿಟ್ಟು ಬರಬೇಕಾಗಿತ್ತು, ಗೌರವ ಬಂತು. ಆದರೆ ಬಟ್ಟೆಯ ಮುಂದೆ ಕೂತಾಗ ಯಾವ ಪಿನ್ನಿನ ಕತೆಯೂ ನನಗೆ ಬಾರದು. ಟೋಪಿಯಮ್ಮನಿಗೂ ದೋಣಿಯದಷ್ಟೇ ಗೊತ್ತು. “ಹಸಿರು ಮೀನಿನದನ್ನ ಬಸ್ಸಿನವನ ಹತ್ರ ಕೇಳಿ ಭಾವ. ಅದನ್ನ ಕಂಡರೆ ಅವನು ನಗ್ತಾನೆ,” ಎಂದಳು.

ಬಸ್ಸಿನವನು ಆಟಗಾರರನ್ನು ಕರೆದೊಯ್ಯುವ ಚಾಲಕ. ಕೂಟ ನಡೆದ ಊರುಗಳಿಗೆಲ್ಲ ಹೋದವನು. ಮೀನು ನೋಡಿದ ತಕ್ಷಣ ನಿಜವಾಗಿಯೂ ನಕ್ಕ.

“ನೀವು ಸೂಜಿಯಮ್ಮನ ಮನೆಯವರಾ? ಕೂತ್ಕೊಳ್ಳಿ ಅಣ್ಣ. ಅವತ್ತು ದೂರದ ಓಟ. ಎಲ್ಲರೂ ಮುಗಿಸಿಯಾಗಿತ್ತು. ಓಟ ಮುಗಿಯೋ ಕಡೆ ಕಟ್ಟಿದ್ದ ಕಮಾನು ಬಿಚ್ಚಿ ಲಾರಿಗೆ ತುಂಬ್ತಾ ಇದ್ರು. ಇನ್ನೂ ಒಬ್ಬಳು ಕುಂಟ್ಕೊಂಡು ಬರ್ತಾ ಇದ್ಲು. ದೇಶ ಚಿಕ್ಕದು, ತಂಡಕ್ಕೆಲ್ಲ ಅವಳೊಬ್ಬಳೇ. ನಿಮ್ಮ ಮನೆಯವರು ಕೆಲಸ ಮುಗಿಸಿ ನನ್ನ ಬಸ್ಸಿಗೆ ಹತ್ತಿದೋರು ಇಳಿದೇಬಿಟ್ರು. ‘ಬಾರೋ ಇಲ್ಲಿ, ಇದರ ತುದಿ ಹಿಡಿ’ ಅಂದ್ರು. ಏನು ಗೊತ್ತಾ? ಕೊರಳಲ್ಲಿದ್ದ ಅಳತೆ ಟೇಪು! ನಾನೊಂದು ಕಡೆ, ಅವರೊಂದು ಕಡೆ, ರಸ್ತೆಗೆ ಅಡ್ಡ ಹಿಡಿದು ನಿಂತ್ವಿ. ಗೆದ್ದೋರಿಗೆ ರಿಬ್ಬನ್ ಹಿಡೀತಾರಲ್ಲ, ಹಾಗೆ. ಲಾರಿಯವರು ಬಯ್ಯೋದು ಬಿಟ್ಟು ಚಪ್ಪಾಳೆ ಹೊಡೆದ್ರು.”

“ಆಮೇಲೆ?”

“ಅವಳು ಎದೆ ಮುಂದೆ ಮಾಡಿ ಓಡಿಬಂದ್ಲು. ಅಳತೆ ಟೇಪು ಹರಿಯುತ್ತಾ ಅಣ್ಣ? ಅದನ್ನ ಸುತ್ಕೊಂಡೇ ಸೂಜಿಯಮ್ಮನ ಮೇಲೆ ಬಿದ್ಲು. ಇಬ್ಬರೂ ನೆಲಕ್ಕೆ! ಎದ್ದು ನೋಡಿದರೆ ಅವಳು ಅಳ್ತಾ ಇದಾಳೆ, ಇವರು ನಗ್ತಾ ಇದಾರೆ. ತನ್ನ ಟೋಪಿಯಿಂದ ಈ ಮೀನು ಕಿತ್ತು ಕೊಟ್ಲು.”

ಆ ಸಲ ಮನೆಗೆ ಬಂದಾಗ ಅವಳ ಮೊಣಕೈ ತರಚಿತ್ತು. ಕೇಳಿದ್ದಕ್ಕೆ “ಎಡವಿದೆ” ಎಂದಿದ್ದಳು. ನಾನು ಮುಲಾಮು ಹಚ್ಚಿದ್ದೆ. ತನ್ನ ಒಳ್ಳೆಯತನವನ್ನು ಗಂಡನ ಮುಂದೆಯೂ ಹೊಗಳಿಕೊಳ್ಳದಂಥವಳ ಜೊತೆ ಬಾಳಿಸಿದ ಆ ದೇವರಿಗೆ, ಬಸ್ಸಿನ ಮೆಟ್ಟಿಲ ಮೇಲೆ ಕೂತಲ್ಲೇ ಕೈ ಮುಗಿದೆ.

ಮೀನು ಹಿಡಿದುಕೊಂಡು ಕೋಚಮ್ಮನಲ್ಲಿಗೆ ಹೋದೆ. ಕೊಡಲು ಕೈ ಬಾರದು. ಒಂದನ್ನು ಪಡೆಯಲು ಇನ್ನೊಂದನ್ನು, ಅದೂ ನನ್ನವಳ ಗುಣವನ್ನೇ ಹೊತ್ತದ್ದನ್ನು ಬಿಡಬೇಕು. ಆದರೂ ಕತೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಕದಲದೆ ಕೇಳಿದಳು.

“ಕೊನೇಲಿ ಬಂದವಳಿಗೆ ರಿಬ್ಬನ್ನು,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. “ನಮ್ಮ ತಂಡದ ಹುಡುಗಿ ಕಳೆದ ಕೂಟದಲ್ಲಿ ಕೊನೇಲಿ ಬಂದಳು. ಅಲ್ಲಿಂದ ಹೆದರಿಕೊಂಡೇ ಎತ್ತುತ್ತಾಳೆ. ಇದನ್ನ ಅವಳಿಗೆ ಹೇಳ್ತೀನಿ.”

ದೋಣಿ ನನ್ನ ಅಂಗೈಗೆ ಬಂತು, ಮೀನು ಅವಳ ಕೊರಳಪಟ್ಟಿಗೆ ಏರಿತು. ಕೈ ಕುಲುಕಿದೆವು.

ಹಿಂದೆಯೇ ಬಂದಿದ್ದ ಟೋಪಿಯಮ್ಮ ಸುಮ್ಮನಿರಲಿಲ್ಲ. “ಮನೆ ಮಗಳನ್ನ ಕೊಟ್ಟಾಯ್ತಲ್ಲ ಭಾವ. ಇನ್ನು ನೀವಿಬ್ಬರೂ ಬೀಗರು!”

“ಹಾಗಾದರೆ ಬೀಗರೇ,” ಎಂದಳು ಕೋಚಮ್ಮ, ಮೊದಲ ಸಲ ನಗುತ್ತ, “ನಾಳೆ ನಮ್ಮ ಹುಡುಗಿ ಎತ್ತುತ್ತಾಳೆ, ಬರಬೇಕು. ಕರೆದಿಲ್ಲ ಅನ್ನಬೇಡಿ.”

ಮರುದಿನ ದೋಣಿಯನ್ನು ಅಂಗಿಗೆ ಚುಚ್ಚಿಕೊಂಡು ಹೋದೆ. ಭಾರ ಎತ್ತುವ ಆಟವನ್ನು ನಾನು ಹುಟ್ಟಿದಾಗಿನಿಂದ ನೋಡಿದವನಲ್ಲ. ಹುಡುಗಿ ಸುಣ್ಣದಂಥ ಪುಡಿ ಕೈಗೆ ಹಚ್ಚಿಕೊಂಡು, ಕೋಚಮ್ಮನ ಕೊರಳಪಟ್ಟಿಯ ಕಡೆ ಒಮ್ಮೆ ನೋಡಿ, ಬಾಗಿ ಸಲಾಕೆ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಟೋಪಿಯಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. “ಎತ್ತು ತಾಯಿ, ಎತ್ತು!” ಎಂದು ನಾನು ಎದ್ದು ನಿಂತು ಕೂಗಿದೆ. ಅದು ನಾವು ಹೆಣ್ಣು ಕೊಟ್ಟ ಮನೆಯಲ್ಲವೇ.