ಒಡಕುದನಿ ಹಾಡದ ಹಾಡು

“ಅಯ್ಯೋ ದೇವ್ರೇ, ಇದೇನ್ರೀ ಇದು! ಪುಟ ತೆರೆದ್ರೆ ಸಾಕು, ಕಿರುಚ್ಕೊಳ್ಳತ್ತೆ!”

ಗ್ರಂಥಪಾಲಕಿ ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಪಕ್ಕದ ಮೇಜಿನಲ್ಲಿ ಹಳೆಯ ಟೇಪ್ ಯಂತ್ರವೊಂದರ ಹೊಟ್ಟೆ ಬಗೆದು ಕೂತಿದ್ದ ಧ್ವನಿ ತಂತ್ರಜ್ಞ ತಲೆಯೆತ್ತದೆಯೇ ನಕ್ಕ. ಪರದೆಯ ಮೇಲೆ ಗಿಣಿಹಸಿರು ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ, ಅದೂ ಮಿಣಕ್ ಮಿಣಕ್ ಎನ್ನುವ ಅಕ್ಷರ. ಮೂಲೆಯಲ್ಲಿ ಗುದ್ದಲಿ ಹಿಡಿದ ಪುಟ್ಟ ಮನುಷ್ಯನೊಬ್ಬ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕದಡಿ ಅಗೆಯುತ್ತಲೇ ಇದ್ದ. ಪಾಪ, ಅವನಿಗೆ ನಿಲ್ಲಿಸು ಎಂದು ಹೇಳುವವರೇ ಇರಲಿಲ್ಲ.

ಅಂತರ್ಜಾಲ ಇನ್ನೂ ಕೂಸಾಗಿದ್ದಾಗ ಜನ ತಮ್ಮ ಮೆಚ್ಚಿನ ಗಾಯಕರಿಗಾಗಿ ಕೈಯಾರೆ ಕಟ್ಟಿದ ವೆಬ್‌ಸೈಟುಗಳಿವು. ಇವನ್ನೆಲ್ಲ ಪುಕ್ಕಟೆಯಾಗಿ ಇಟ್ಟುಕೊಂಡಿದ್ದ ಕಂಪನಿ ಈ ಶುಕ್ರವಾರ ಬಾಗಿಲು ಹಾಕುತ್ತಿತ್ತು. ಅಷ್ಟರೊಳಗೆ ಸಂಗೀತ ಗ್ರಂಥಾಲಯ ಎತ್ತಿಟ್ಟುಕೊಂಡದ್ದು ಉಳಿಯಿತು, ಮಿಕ್ಕದ್ದು ಹೋಯಿತು. ಒಬ್ಬೊಬ್ಬ ಗಾಯಕರಿಗೆ ಒಂದೇ ಸೈಟಿನಷ್ಟು ಜಾಗ. ಯಾವುದು ಒಳ್ಳೆಯದೆಂದು ಅಂಕ ಹಾಕುವ ಕೆಲಸ ಗ್ರಂಥಪಾಲಕಿಯದು. ಬೇಕೆಂದೇ ಸೇರಿಸಿದ ಸುಳ್ಳು ಕಂಡರೆ ಅಂಕವೇ ಇಲ್ಲ, ಹೊರಗೆ. ಆ ನಿಯಮ ಮಾಡಿಸಿದವಳೂ ಅವಳೇ. ಅಂಕದ ವಿಷಯದಲ್ಲಿ ಸ್ವಂತ ತಮ್ಮನಿಗೂ ಮುಲಾಜು ತೋರಿಸುವ ಹೆಣ್ಣಲ್ಲ ಅದು.

ಇವತ್ತಿನ ಗಾಯಕಿಯನ್ನು ಅಭಿಮಾನಿಗಳು ಪ್ರೀತಿಯಿಂದ ಒಡಕುದನಿ ಎನ್ನುತ್ತಿದ್ದರು. ನಾಲ್ಕಾರು ವರ್ಷ ಹಾಡಿ, ಆಮೇಲೆ ಇದ್ದಕ್ಕಿದ್ದಂತೆ ಹಾಡು ನಿಲ್ಲಿಸಿದವಳು. ಅವಳ ಹೆಸರಿನಲ್ಲಿ ನಾಲ್ಕು ಸೈಟುಗಳಿದ್ದವು. ದಂತವೈದ್ಯರೊಬ್ಬರದು ಬಲು ಚೆಂದ, ಅವರು ಕಟ್ಟುವ ಹಲ್ಲಿನಂತೆ ಫಳಫಳ. ಈ ಗಿಣಿಹಸಿರಿನದು ಭೂಗೋಳ ಟೀಚರ್ ಒಬ್ಬಳದ್ದು. ಐದು ನಿಮಿಷದಲ್ಲಿ ಮುಗಿಸಿ ಕೈತೊಳೆದುಕೊಳ್ಳೋಣವೆಂದು ಓದಲು ಕೂತ ಗ್ರಂಥಪಾಲಕಿ ಚಹಾ ತಣ್ಣಗಾದದ್ದನ್ನೇ ಮರೆತಳು.

ಎಂಥ ಕಿವಿ ಆ ಟೀಚರಿನದು! ಯಾವ ಹಾಡಿಗೆ ಪಿಟೀಲು ನುಡಿಸಿದವರು ಯಾರೆಂದು ಧ್ವನಿಮುದ್ರಿಕೆ ಕಂಪನಿಯವರೇ ಅಚ್ಚು ಹಾಕಿರಲಿಲ್ಲ. ಇವಳು ಬರೆದಿದ್ದಳು: “ಚರಣ ಶುರುವಾಗುವ ಮೊದಲು ಯಾರೋ ಸಣ್ಣಗೆ ಕೆಮ್ಮುತ್ತಾರೆ. ಇದೇ ಕೆಮ್ಮು ಮೊದಲ ಆಲ್ಬಮ್ಮಿನಲ್ಲೂ ಪಿಟೀಲಿಗೆ ಮುಂಚೆ ಇದೆ. ಆದ್ದರಿಂದ ಪಿಟೀಲು ಅದೇ ಮಹಾನುಭಾವರದು.” ಗ್ರಂಥಪಾಲಕಿ ಎರಡೂ ಮುದ್ರಿಕೆ ತರಿಸಿ ಕೇಳಿದಳು. ಕೆಮ್ಮು ಇತ್ತು. ಇನ್ನೊಂದು ಕಡೆ: “ಹೋದ ತಿಂಗಳು ನಾನು ಬರೆದದ್ದು ತಪ್ಪು. ಓದಿ ನಂಬಿದವರೆಲ್ಲ ಕ್ಷಮಿಸಿಬಿಡಿ.” ಹೀಗೆ ತಪ್ಪೊಪ್ಪಿಕೊಂಡ ವಿದ್ವಾಂಸರನ್ನು ಅವಳು ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. “ಭೇಷ್ ಕಣಮ್ಮಾ,” ಎಂದು ಪರದೆಗೇ ಹೇಳಿದಳು. ಉಳಿಸಿದರೆ ಇದನ್ನೇ ಉಳಿಸಬೇಕು ಎಂದು ಮನಸ್ಸು ಗಟ್ಟಿಯಾಯಿತು.

ಆಗಲೇ ಕಂಡದ್ದು ಕೊನೆಯ ಹಾಡು, ‘ಮೂರನೇ ಮಹಡಿಯ ಬೆಳಕು’. ಬಿಡುಗಡೆಯಾಗದ ಆಲ್ಬಮ್ಮಿನದಂತೆ. ಗ್ರಂಥಾಲಯದಲ್ಲಿ ಅಂಥ ಹಾಡಿರಲಿಲ್ಲ. ರೇಡಿಯೋದವರಿಗೆ ಫೋನು ಮಾಡಿದಳು, ಇಲ್ಲ. ಮುದ್ರಿಕೆ ಕಂಪನಿಯವರು ತಡಕಾಡಿ ಹೇಳಿದರು, ಇಲ್ಲವೇ ಇಲ್ಲ. ತಮಾಷೆಯೆಂದರೆ ಉಳಿದ ಮೂರು ಸೈಟುಗಳಲ್ಲೂ ಆ ಹಾಡಿನ ಹೆಸರು ಹಾಯಾಗಿ ಕೂತಿತ್ತು. ಹೆಸರಿನ ಕೆಳಗೆ ಟೀಚರಿನ ಪುಟದಲ್ಲಿ ಮಾತ್ರ ಒಂದು ಧ್ವನಿ ಕಡತವಿತ್ತು, ಒತ್ತಿದರೆ ತೆರೆಯಲಿಲ್ಲ. ಬೇಕೆಂದೇ ಸೇರಿಸಿದ್ದಾದರೆ ಇದೂ ಹೊರಗೆ! ಗ್ರಂಥಪಾಲಕಿ ಪುಟದ ತಳದಲ್ಲಿದ್ದ ನಂಬರು ಹುಡುಕಿ ಫೋನು ಹಚ್ಚಿ, ಸೈಟು ಉಳಿಸುವ ಕೆಲಸ, ನಿಯಮ ಎಲ್ಲ ಹೇಳಿ, ಆ ಹಾಡಿನ ಬಗ್ಗೆ ಕೇಳಿದಳು.

“ಆ ಹಾಡಾ?” ಅತ್ತ ಕಡೆ ವಯಸ್ಸಾದ ಹೆಂಗಸು ಗಹಗಹಿಸಿ ನಕ್ಕಳು. “ಅದು ಇಲ್ಲವೇ ಇಲ್ಲ ಕಣಮ್ಮ. ನಾನೇ ಹುಟ್ಟಿಸಿದ್ದು!”

“ಯಾಕೆ ಟೀಚರ್ ಹಾಗ್ಮಾಡಿದ್ರಿ?”

“ಮತ್ತೇನ್ಮಾಡ್ಲಿ? ರಾತ್ರಿ ಹಗಲು ಕೇಳಿ ಕೇಳಿ ಬರ್ದಿದ್ದು ನಾನು. ಹಾಗ್ಹಾಗೇ ಎತ್ಕೊಂಡು ಹೆಸ್ರು ಹಾಕ್ಕೊಳ್ಳೋರು ಇವ್ರು. ಹೊಟ್ಟೆ ಉರಿಯಲ್ವಾ? ಅದ್ಕೇ ಒಂದು ಇಲ್ಲದ ಹಾಡು ಸೇರಿಸ್ಬಿಟ್ಟೆ. ಯಾರ ಪುಟದಲ್ಲಿ ಕಾಣ್ಸತ್ತೋ ಅವ್ನು ಕಳ್ಳ. ಆಗ ನಮ್ಮಂಥೋರೆಲ್ಲ ಮಾಡ್ತಿದ್ದ ಉಪಾಯ ಅದು.”

“ಬೇಸ್ತು ಬಿದ್ರಾ?”

“ಸಾಲಾಗಿ! ಒಬ್ಬೊಬ್ರಿಗೂ ಬರ್ದೆ, ಈ ಹಾಡು ನೀವೆಲ್ಲಿ ಕೇಳಿದ್ರಿ ಅಂತ. ಎಲ್ರೂ ಗಪ್‌ಚುಪ್. ಒಬ್ಬ ಮಾತ್ರ, ಭಂಡ, ‘ನನ್ಹತ್ರ ಕ್ಯಾಸೆಟ್ಟೇ ಇದೆ’ ಅಂದ. ಹಾಗಾದ್ರೆ ಕಳ್ಸು ಅಂದೆ. ಕಳ್ಸೇಬಿಟ್ಟ! ತಾನೇ ಹಾಡು ಕಟ್ಟಿ, ತಾನೇ ಹಾಡಿ, ಅದೂ ಹೆಣ್ದನಿ ಮಾಡ್ಕೊಂಡು. ನಕ್ಕೂ ನಕ್ಕೂ ಪಕ್ಕೆ ನೋವು ಬಂತು. ಆಮೇಲೆ ಅವ್ನನ್ನೇ ಮದ್ವೆಯಾದೆ.”

ಗ್ರಂಥಪಾಲಕಿಯೂ ನಕ್ಕಳು. “ಕೊಡಿ ಫೋನು, ಆ ಕಳ್ಳ ಯಜಮಾನ್ರ ಜೊತೆ ನಾನೂ ಮಾತಾಡ್ತೀನಿ.”

“ಹೋದ ವರ್ಷ ತೀರ್ಕೊಂಡ್ರು.”

ಗ್ರಂಥಪಾಲಕಿ ನಗು ನಿಲ್ಲಿಸಿ ಪರದೆಯ ಮೇಲಿನ ತೆರೆಯದ ಕಡತದತ್ತ ನೋಡಿದಳು.

“ಆ ಕ್ಯಾಸೆಟ್ಟು?”

“ಮನೆ ಬದಲಿಸೋವಾಗ ಎಲ್ಲೋ ಹೋಯ್ತು. ಪುಟಕ್ಕೂ ಹಾಕಿದ್ದೆ, ಈಗ ಯಾವ ಕಂಪ್ಯೂಟರ್ರಲ್ಲೂ ಅದು ತೆರ್ಯಲ್ಲ. ಅವ್ರು ಬೇರೇನೂ ಹಾಡಿಟ್ಟಿಲ್ಲ ನೋಡಿ. ಹೋಗ್ಲಿ ಬಿಡಿ. ಸುಳ್ಳು ಬರ್ದಿದೀನಿ, ಹೊರಗೆ ಹಾಕಿ. ನಾನೂ ಟೀಚರ್ರೇ, ನಿಯಮ ಅಂದ್ರೆ ನಿಯಮ.”

ಫೋನಿಟ್ಟ ಮೇಲೆ ಗ್ರಂಥಪಾಲಕಿ ಪರದೆಯನ್ನು ನೋಡುತ್ತ ಕೂತಳು. ನಿಯಮ ಬರೆಯುವಾಗ ಇಂಥದೊಂದು ಸುಳ್ಳು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮೂರು ಸೈಟುಗಳು ಕದ್ದವು, ಇದೊಂದೇ ಮೂಲ ಎಂದು ಎದೆ ತಟ್ಟಿ ಸಾಕ್ಷಿ ಹೇಳುತ್ತಿದ್ದದ್ದು ಆ ಸುಳ್ಳು ಹಾಡೇ. ಮೇಲಾಗಿ ಈಗ ಹಾಡಂತೂ ಇತ್ತಲ್ಲ, ಹಾಡಿದವರು ಬೇರೆ ಅಷ್ಟೆ. ಗಾಯಕರ ಹೆಸರು ತಪ್ಪಾಗಿದೆಯೆಂದು ಒಂದು ಅಂಕ ಕಳೆದಳು. ಮಿಕ್ಕದ್ದೆಲ್ಲ ಪೂರ್ತಿ ಕೊಟ್ಟು ‘ಉಳಿಸುವುದು’ ಎಂದು ಬರೆದು ಸಹಿ ಜಡಿದಳು. ಕೇಳುವವರು ಬರಲಿ, ಉತ್ತರ ತನ್ನ ಬಳಿಯಿದೆ ಎಂದುಕೊಂಡಳು.

ಆಮೇಲೆ ಕಡತವನ್ನು ತಂತ್ರಜ್ಞನ ಮುಂದಿಟ್ಟಳು. “ಇದನ್ನ ಹೇಗಾದ್ರೂ ಮಾತಾಡಿಸಿ.”

“ಈ ಜಾತಿ ಫೈಲು ಸತ್ತು ಯುಗವಾಯ್ತಲ್ರೀ,” ಎಂದು ಗೊಣಗುತ್ತಲೇ ಅವನು ಉಗ್ರಾಣದಿಂದ ಧೂಳು ಹಿಡಿದ ಕಂಪ್ಯೂಟರೊಂದನ್ನು ಹೊತ್ತು ತಂದ. ಮಧ್ಯಾಹ್ನವಿಡೀ ಅದನ್ನು ಬೈದ, ಪುಸಲಾಯಿಸಿದ, ಊಟಕ್ಕೂ ಏಳಲಿಲ್ಲ. ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಸ್ಪೀಕರು ಬುಸ್ಸೆಂದಿತು. ಬುಸ್ಸಿನ ಹಿಂದಿನಿಂದ ಗಂಡಸೊಬ್ಬ ಗಂಟಲು ಸಣ್ಣ ಮಾಡಿಕೊಂಡು, ನಗು ತಡೆಯುತ್ತ, ಜೀವವೆಲ್ಲ ಸುರಿದು ಹಾಡತೊಡಗಿದ. ಕೆಟ್ಟದಾಗಿತ್ತು. ಗ್ರಂಥಪಾಲಕಿಯ ಕಣ್ಣು ತುಂಬಿ ಬಂತು.

ಅವಳು ಟೀಚರಿಗೆ ಫೋನು ಮಾಡಿ, “ಏನೂ ಮಾತಾಡ್ಬೇಡಿ, ಕೇಳಿ,” ಎಂದಷ್ಟೇ ಹೇಳಿ ಫೋನನ್ನು ಸ್ಪೀಕರಿನ ಬಾಯಿಗೆ ಹಿಡಿದಳು. ಹಾಡು ಮುಗಿಯಿತು. ಮಾಡಬಾರದ್ದು ಮಾಡಿದೆನೇನೋ ಎನ್ನಿಸಿ ಅವಳು ಫೋನನ್ನು ಹಿಂದಕ್ಕೆಳೆದುಕೊಂಡಳು.

“ಎರಡನೇ ಸಾಲಲ್ಲಿ ಶ್ರುತಿ ಬಿಟ್ರು,” ಎಂದಳು ಟೀಚರ್. “ಎಷ್ಟು ಸಲ ಹೇಳಿದ್ದೆ. ಇನ್ನೊಂದ್ಸಲ ಹಾಕಿಯಮ್ಮ, ಈ ಸಲನಾದ್ರೂ ಸರಿಯಾಗಿ ಹಾಡ್ತಾರೇನೋ ನೋಡೋಣ.”

ತಂತ್ರಜ್ಞ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹಾಕಿದ.