ಸಾಕು, ಭಾವ

ಅವನಿಗೆ ಮೌನಿ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಮೂವತ್ತೊಂದು ವರ್ಷ ಡ್ರಮ್ಸ್ ಬಾರಿಸಿದ ಮನುಷ್ಯ ಅಷ್ಟೂ ವರ್ಷ ವೇದಿಕೆಯ ಮೇಲಾಗಲಿ ಕೆಳಗಾಗಲಿ ತುಟಿ ಪಿಟಕ್ಕೆಂದವನಲ್ಲ. ಏನು ಕೇಳಿದರೂ ಒಂದೇ ಉತ್ತರ: "ಹ್ಞೂಂ." ಹೌದು, ಇಲ್ಲ, ನೋಡೋಣ, ಉಪ್ಪು ಕಮ್ಮಿಯಾಗಿದೆ, ಎಲ್ಲವೂ ಅದರೊಳಗೇ ಇರುತ್ತಿದ್ದವು, ಬಿಡಿಸಿ ತಿಳಿದುಕೊಳ್ಳುವ ಕಷ್ಟ ಕೇಳಿದವರದು. ಹೆಂಡತಿಯಂತೂ ಇಪ್ಪತ್ತೆಂಟು ವರ್ಷದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದಳು: "ನನ್ನನ್ನ ಮೊದಲ ಸಲ ನೋಡಿದಾಗ ಏನನ್ನಿಸ್ತು ರೀ?" ಅದಕ್ಕೂ ಅದೇ ಹ್ಞೂಂ. ಹಗಲು ಹೊತ್ತು ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ. ಕಟ್ಟಡದ ಹೊಟ್ಟೆಯೊಳಗಿನ ಕತ್ತಲೆ ಬಾವಿಯಲ್ಲಿ ಒಬ್ಬನೇ ನೇತಾಡುವ ಕೆಲಸ, ಮಾತು ಬೇಡದವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮಾತು ಬೇಕಾದಷ್ಟು ಇದ್ದದ್ದು ಭಾವನ ಹತ್ತಿರ. ಹೆಂಡತಿಯ ಅಣ್ಣ, ಸ್ಯಾಕ್ಸೊಫೋನ್ ಊದುವವನು, ಬ್ಯಾಂಡಿನ ಯಜಮಾನ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಮೌನಿಗೆ ಮೊದಲ ಡ್ರಮ್ ಕೊಡಿಸಿದವನೂ ಅವನೇ, ತಂಗಿಯನ್ನು ಪರಿಚಯ ಮಾಡಿಸಿದವನೂ ಅವನೇ. ಆದರೆ ಸ್ಯಾಕ್ಸೊಫೋನ್ ಬಾಯಿಗಿಟ್ಟನೆಂದರೆ ತೆಗೆಯುವ ಯೋಚನೆಯೇ ಇಲ್ಲ. ಎರಡು ಸುತ್ತು ಊದಬೇಕಾದ ಕಡೆ ಒಂಬತ್ತು ಸುತ್ತು. ಜನ ಚಪ್ಪಾಳೆ ತಟ್ಟಿದರೆ ಖುಷಿಗೆ ಇನ್ನೊಂದು, ತಟ್ಟದಿದ್ದರೆ ಹಟಕ್ಕೆ ಇನ್ನೆರಡು.

ಅವರು ನುಡಿಸುತ್ತಿದ್ದದ್ದು ಜಾಝ್-ಫಂಕ್. ಮೇಲೆ ಮನಸ್ಸಿಗೆ ಬಂದ ಕಡೆ ಅಲೆಯುವ ಸ್ಯಾಕ್ಸೊಫೋನ್, ಕೆಳಗೆ ಕಾಲನ್ನು ಸುಮ್ಮನಿರಲು ಬಿಡದ ಡ್ರಮ್ಸು. ಒಂದು ಸಣ್ಣ ರೆಕಾರ್ಡ್ ಕಂಪನಿಯವನು ಬಂದು ಕೇಳಿ ಹೋದ. ಮರುದಿನ ಭಾವನಿಗೆ ಫೋನ್ ಮಾಡಿ, "ಜನ ಕುಣಿಯೋದು ಕೆಳಗಿನದಕ್ಕೆ ಸ್ವಾಮಿ. ಆಲ್ಬಮ್ ಡ್ರಮ್ಮರ್ ಹೆಸರಲ್ಲೇ ಮಾಡೋಣ. ಏಳು ಟ್ಯೂನು, ಯಾವುದೂ ಆರು ನಿಮಿಷ ದಾಟಬಾರದು, ಸ್ಟುಡಿಯೊ ಮೂರೇ ದಿನ," ಅಂದ. ದಾಟಿದರೆ ಆಲ್ಬಮ್ ಇಲ್ಲ ಅಂತಲೂ ಸೇರಿಸಿದ.

ಮೌನಿಯ ಹತ್ತಿರ ಏಳು ಟ್ಯೂನು ತಯಾರಾಗಿಯೇ ಇದ್ದವು. ಹತ್ತು ವರ್ಷ ಲಿಫ್ಟಿನ ಬಾವಿಯಲ್ಲಿ ತೊಡೆಯ ಮೇಲೆ ತಾಳ ತಟ್ಟಿಕೊಂಡು ಕಟ್ಟಿದ್ದವು, ಒಂದನ್ನೂ ಯಾರಿಗೂ ಹೇಳಿರಲಿಲ್ಲ. ವಯಸ್ಸು ಐವತ್ತಾರು. ಈ ಬಸ್ಸು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಾವ ಬೆನ್ನು ತಟ್ಟಿ, "ಹೆಸರು ನಿನ್ನದೇ ಇರಲಿ ಬಿಡೋ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ," ಅಂದಾಗ ಅವನ ಎದೆ ಧಸಕ್ಕೆಂದಿತು. ಬಾಯಿ ಮಾತ್ರ "ಹ್ಞೂಂ" ಅಂದಿತು.

ಸ್ಟುಡಿಯೊ ಇದ್ದದ್ದು ಚಪ್ಪಲಿ ರಿಪೇರಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದಿದ್ದರು. ಗಾಜಿನ ಆಚೆ ರೆಕಾರ್ಡಿಂಗ್ ಅಕ್ಕ, ದಾರ ಕಟ್ಟಿದ ಕನ್ನಡಕದವಳು, ನಗು ಅನ್ನುವುದನ್ನು ಖರ್ಚು ಮಾಡದವಳು. ಈಚೆ ನಾಲ್ವರು: ಮೌನಿ, ಭಾವ, ಬೇಸ್ ಗಿಟಾರಿಗೆ ಬಸ್ ಡ್ರೈವರ್, ಕೀಬೋರ್ಡಿಗೆ ನಿವೃತ್ತ ಲೆಕ್ಕದ ಮೇಷ್ಟ್ರು.

ಮೊದಲ ಟ್ಯೂನು ಹನ್ನೊಂದು ನಿಮಿಷ ಹಿಡಿಯಿತು. ಅದರಲ್ಲಿ ಏಳು ನಿಮಿಷ ಭಾವನೊಬ್ಬನೇ. ಎಲ್ಲರೂ ಮೌನಿಯ ಕಡೆ ನೋಡಿದರು, ಯಜಮಾನ ಈಗ ಅವನಲ್ಲವೇ! "ಭಾವ, ಸ್ವಲ್ಪ ಚಿಕ್ಕದು ಮಾಡಿ" ಎಂಬ ನಾಲ್ಕು ಮಾತು ಗಂಟಲವರೆಗೆ ಬಂದು, ಅಲ್ಲೇ ಕೂತು, ವಾಪಸ್ ಹೊಟ್ಟೆಗೆ ಹೋದವು. ಡ್ರಮ್ಮಿನ ಕೋಲನ್ನು ಅಂಗಿಗೆ ಒರೆಸಿಕೊಂಡ. ಎರಡನೇ ಸಲ ಹನ್ನೆರಡೂವರೆ ನಿಮಿಷವಾಯಿತು. ಭಾವ ಬೆವರೊರೆಸಿಕೊಂಡು, "ಹೆಂಗೆ?" ಎಂದು ಹುಬ್ಬು ಹಾರಿಸಿ ಟೀ ಕುಡಿಯಲು ಮೇಲೆ ಹೋದ.

ಮಿಕ್ಕವರು ಗಾಜಿನಾಚೆ ಹೋಗಿ ಮೊದಲನೆಯದನ್ನು ಕೇಳಲು ಕೂತರು. ಅರ್ಧ ನಿಮಿಷಕ್ಕೆ ಮೇಷ್ಟ್ರು ಕಿವಿ ನೆಟ್ಟಗೆ ಮಾಡಿದರು. "ಯಾರೋ ಮಾತಾಡ್ತಿದಾರಲ್ರೀ?"

ಅಕ್ಕ ಮಿಕ್ಕ ಮೈಕುಗಳ ದನಿಯನ್ನೆಲ್ಲ ತಗ್ಗಿಸಿ, ಡ್ರಮ್ಮಿನ ಕಂಚಿನ ತಟ್ಟೆ, ಅಂದರೆ ಸಿಂಬಲ್ ಮೇಲಿನ ಮೈಕನ್ನು ಮಾತ್ರ ಏರಿಸಿದಳು. ಡ್ರಮ್ಮಿನ ಏಟಿಗೆ ಸರಿಯಾಗಿ ಒಂದು ಗಂಡಸಿನ ದನಿ ಗೊಣಗುತ್ತಿತ್ತು. "ಮೇಷ್ಟ್ರೇ, ಎಚ್ಚರ ಇದೀರಾ… ಹಾಂ, ಈಗ ಎದ್ರು… ಡ್ರೈವರಣ್ಣ, ಬ್ರೇಕಿಂದ ಕಾಲು ತೆಗಿ, ಹಂಗೆ, ಹಂಗೆ… ಬಂದ್ರಪ್ಪ ಸಾಹೇಬ್ರು. ಚೆನ್ನಾಗಿದೆ… ಚೆನ್ನಾಗಿದೆ… ಆಯ್ತು, ಇಳಿ ಭಾವ. ಇದನ್ನ ಆಗಲೇ ಹೇಳಿದೆಯಲ್ಲ, ಮತ್ಯಾಕೆ ಹೇಳ್ತೀಯ? ಸಾಕು. ಸಾಕು ಭಾವ. ಇಳಿಯೋ ಮಾರಾಯ! ಅಯ್ಯೋ, ಇನ್ನೊಂದು ಸುತ್ತು ಹೊರಟ್ನಲ್ಲಪ್ಪ ಇವನು!"

ಡ್ರೈವರ್ ಕುರ್ಚಿಯಿಂದ ಜಾರಿ ಬೀಳುವ ಹಾಗೆ ನಕ್ಕ. ಮೌನಿ ಬಾಯಿ ತೆರೆದುಕೊಂಡು ನಿಂತಿದ್ದ. ಆ ದನಿ ಅವನದೇ, ಆದರೆ ಆಡಿದ್ದು ಅವನಿಗೇ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಹಿಂದೆ ನಾಲ್ಕನೇ ಮಹಡಿಯ ಹೆಂಗಸೊಬ್ಬಳು, ಲಿಫ್ಟಿನ ಬಾವಿಯೊಳಗೆ ಯಾರೋ ಯಾರನ್ನೋ ಬೈಯುತ್ತಿರುತ್ತಾರೆ ಎಂದು ದೂರು ಕೊಟ್ಟದ್ದು ನೆನಪಾಯಿತು. ತಾನೇ ಟಾರ್ಚ್ ಹಿಡಿದು ಹುಡುಕಿ, ಯಾರೂ ಇಲ್ಲ ಎಂದು ಸಹಿ ಮಾಡಿ ಕೊಟ್ಟಿದ್ದ. ವೇದಿಕೆಯ ಮೇಲೆ ಅವನ ತಲೆಯ ಹತ್ತಿರ ಯಾರೂ ಮೈಕ್ ಇಟ್ಟಿರಲಿಲ್ಲ. ಇಟ್ಟದ್ದು ಈಗಲೇ, ಅವನದೇ ಆಲ್ಬಮ್ ಅಂತ.

"ಇದನ್ನ ಅಳಿಸೋಕಾಗಲ್ವಾ?" ಮೇಷ್ಟ್ರು ಕೇಳಿದರು.

"ಸಿಂಬಲ್ ಅಳಿಸಿದ್ರೆ ಅಳಿಯುತ್ತೆ," ಅಂದಳು ಅಕ್ಕ. "ಬಾಯಿ ಮುಚ್ಚಿಸಿ, ಹೊಸದಾಗಿ ಬಾರಿಸ್ಲಿ."

ಎರಡನೇ ದಿನವೆಲ್ಲ ಬಾಯಿ ಮುಚ್ಚಿಸುವುದರಲ್ಲೇ ಹೋಯಿತು. ಪೆಪ್ಪರ್‌ಮಿಂಟ್ ಕೊಟ್ಟರು, ಸಿಂಬಲ್ ಏಟಿಗೆ ಅದು ಗಂಟಲಿಗೆ ಹಾರಿ ಬೆನ್ನಿಗೆ ಗುದ್ದಬೇಕಾಯಿತು. ಕರ್ಚೀಫ್ ಕಚ್ಚಿಸಿದರು. ಕಡೆಗೆ ಡ್ರೈವರ್ ಟೇಪು ತಂದು ತುಟಿಯ ಮೇಲೆ ಅಂಟಿಸಿದ. ಮಾತೇನೋ ನಿಂತಿತು, ಜೊತೆಗೆ ಡ್ರಮ್ಸಿನ ಜೀವವೂ ಹೋಯಿತು. ಕಚೇರಿಯಲ್ಲಿ ಗುಮಾಸ್ತ ಸೀಲು ಒತ್ತಿದ ಹಾಗೆ ಟಪ್, ಟಪ್, ಟಪ್. ಭಾವ ಮಾತ್ರ ಎಂದಿನಂತೆ ಒಂಬತ್ತು ಸುತ್ತು ಊದಿದ.

"ಇವನಿಗೇನಾಯ್ತು?" ಭಾವ ಕೇಳಿದ. ಹಲ್ಲುನೋವು ಎಂದು ಮೇಷ್ಟ್ರು ಸುಳ್ಳು ಹೇಳಿದರು. ಭಾವ ಆ ಬಿಸಿಲಲ್ಲಿ ಎರಡು ಬೀದಿ ನಡೆದು ಹೋಗಿ ಲವಂಗ ತಂದು, ಟೇಪು ಬಿಚ್ಚಿ, "ಆ ಅನ್ನು," ಎಂದು ತಾನೇ ಮೌನಿಯ ದವಡೆಗೆ ಇಟ್ಟ. ಮೌನಿಗೆ ನಾಚಿಕೆಯಾಯಿತು, ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು. ಇಂಥ ಮನುಷ್ಯನಿಗೆ ಸಾಕು ಅನ್ನುವುದು ಹೇಗೆ? ಅನ್ನದಿದ್ದರೆ ಆಲ್ಬಮ್ ಆಗುವುದು ಹೇಗೆ? ಮನೆಗೆ ಹೋದಾಗ ಹೆಂಡತಿ, "ಹೆಂಗೆ ನಡೀತಿದೆ?" ಅಂದಳು. ಅಂದು ಹ್ಞೂಂ ಕೂಡ ಹೊರಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮೆಟ್ಟಿಲಿಳಿದು ನೋಡಿದರೆ ಭಾವ ಎಲ್ಲರಿಗಿಂತ ಮುಂಚೆ ಬಂದು, ಹೆಡ್‌ಫೋನ್ ಹಾಕಿಕೊಂಡು ಗಾಜಿನಾಚೆ ಕೂತಿದ್ದ. ಮೌನಿ ಅಕ್ಕನ ಮುಖ ನೋಡಿದ.

"ಮೊದಲ್ನೇದೇ ಚೆನ್ನಾಗಿತ್ತು, ಯಾಕೆ ಬಿಟ್ರಿ ಅಂತ ಕೇಳಿದ್ರು. ಹಾಕಿ ಕೊಟ್ಟೆ," ಅಂದಳು ಅಕ್ಕ. "ಸುಳ್ಳು ಹೇಳೋದು ನನ್ನ ಕೆಲಸದಲ್ಲಿ ಸೇರಿಲ್ಲ."

ಭಾವ ನಿಧಾನವಾಗಿ ಹೆಡ್‌ಫೋನ್ ತೆಗೆದ. "ಇಳಿಯೋ ಮಾರಾಯ?" ಅಂದ. "ನೀನು ನನ್ನ ಎದುರಿಗೆ 'ನೀವು' ಬಿಟ್ಟು ಮಾತಾಡಿದ್ದೇ ಇಲ್ಲ. ಇಳಿಯೋ?"

ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ. ಮೇಷ್ಟ್ರು ಇಲ್ಲದ ಧೂಳನ್ನು ಕೀಬೋರ್ಡಿನಿಂದ ಒರೆಸಿದರು.

"ಮೂವತ್ತೊಂದು ವರ್ಷವೂ ಹಿಂಗೇನಾ?"

"ಹ್ಞೂಂ," ಅಂದ ಮೌನಿ. ಈ ಸಲ ಅದನ್ನು ಬಿಡಿಸಿ ನೋಡುವ ಕಷ್ಟ ಯಾರಿಗೂ ಬರಲಿಲ್ಲ.

ಭಾವ ಸ್ಯಾಕ್ಸೊಫೋನನ್ನು ಪೆಟ್ಟಿಗೆಗಿಟ್ಟ. ಒಂದು ಕಡೆಯ ಚಿಲಕ ಹಾಕಿದ. ಆಯಿತು, ಆಲ್ಬಮ್ಮೂ ಹೋಯಿತು ಭಾವನೂ ಹೋದ ಅಂದುಕೊಂಡ ಮೌನಿ. ಭಾವ ಎರಡನೇ ಚಿಲಕಕ್ಕೆ ಕೈ ಇಟ್ಟವನು ಅಲ್ಲೇ ನಿಂತ.

"ನಾನೇನು ತಿಳ್ಕೊಂಡಿದ್ದೆ ಗೊತ್ತೇನೋ?" ಅಂದ. ದನಿ ಸಣ್ಣಗಾಗಿತ್ತು. "ಎರಡು ಸುತ್ತು ಆದ್ಮೇಲೆ ನಿನ್ನ ಕಡೆ ನೋಡ್ತಿದ್ದೆ. ನೀನು ಇನ್ನೂ ಜೋರಾಗಿ ಬಾರಿಸ್ತಿದ್ದೆ. ಇವನಿಗೆ ಇನ್ನೂ ಬೇಕು ಅಂತ ಕಾಣುತ್ತೆ, ಪಾಪ, ಬಾಯಿ ಬಿಟ್ಟು ಕೇಳೋನಲ್ಲ, ಅಂತ ಊದ್ತಿದ್ದೆ. ತುಟಿ ಒಡೆದು ರಕ್ತ ಬಂದಿದೆ ಕಣೋ, ಎಷ್ಟು ಸಲ! ನಿನಗೋಸ್ಕರ ಊದಿದ್ದು ನಾನು."

ಮೇಲಿನ ಚಪ್ಪಲಿ ಅಂಗಡಿಯಲ್ಲಿ ಸುತ್ತಿಗೆ ಬಡಿಯುತ್ತಿತ್ತು. ಮೌನಿಗೆ ಅಳು ಬರುವ ಹಾಗಿತ್ತು, ಬಂದದ್ದು ಮಾತ್ರ ನಗು. "ನಾನು ಜೋರಾಗಿ ಬಾರಿಸ್ತಿದ್ದದ್ದು," ಅಂದ ಕಷ್ಟಪಟ್ಟು, "ನೀವು ನಿಲ್ಲಿಸ್ಲಿ ಅಂತ."

ಅದು ಅವನು ಡ್ರಮ್ಸ್ ಇಲ್ಲದೆ ಆಡಿದ ಅತಿ ದೊಡ್ಡ ಮಾತು. ಭಾವ ಅವನನ್ನೇ ದಿಟ್ಟಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಚಿಲಕ ತೆಗೆದ. "ನಡಿ. ಹೇಳೋದನ್ನ ಕೇಳೋ ಹಾಗೆ ಹೇಳು. ಹೇಳದಿದ್ರೆ ಸಂಜೆ ತನಕ ಊದ್ತೀನಿ, ನೋಡ್ತಾ ಇರು."

ಅಕ್ಕ ಮೌನಿಯ ಬಾಯಿಗೆ ನೇರವಾಗಿ ಒಂದು ಮೈಕ್ ತಂದಿಟ್ಟಳು. ಅದನ್ನು ನೋಡಿದ್ದೇ ಮೌನಿ ಕಲ್ಲಾದ. "ತೆಗೀರಿ ತೆಗೀರಿ," ಅಂದ ಭಾವ. "ಅವನ ಬಾಯಿ ಇರೋದು ಕೈಯಲ್ಲಿ."

ಶುರುವಾಯಿತು. ಮೊದಲ ಏಟಿನಿಂದಲೇ ಗೋಡೆಯ ಹಾಸಿಗೆಗಳು ಅದುರಿದವು. ಡ್ರೈವರ್ ಬ್ರೇಕಿನಿಂದ ಕಾಲು ತೆಗೆದ, ಮೇಷ್ಟ್ರು ಎಚ್ಚರವಾಗಿದ್ದರು. ಭಾವ ಒಂದು ಸುತ್ತು ಊದಿದ, ಎರಡು ಊದಿದ, ಮೌನಿಯ ಕಡೆ ತಿರುಗಿದ. "ಸಾಕು ಭಾವ," ಅಂದ ಮೌನಿ, ಎಂದಿನ ಗೊಣಗಿನಲ್ಲಿ. ಭಾವ ಕೇಳಿಸದವನ ಹಾಗೆ ಮೂರನೆಯದಕ್ಕೆ ಹೊರಟ. ಬೇಕೆಂದೇ ಹೊರಟ, ಕಣ್ಣಲ್ಲಿ ತುಂಟತನ ಕಾಣುತ್ತಿತ್ತು. ಮೌನಿಗೆ ಎಲ್ಲಿತ್ತೋ ಸಿಟ್ಟು, ಎಷ್ಟು ವರ್ಷದ್ದೋ ಏನೋ, ಹೊಟ್ಟೆಯಿಂದ ಎದ್ದು ಬಂತು.

"ಸಾಕು ಭಾವ!"

ಮೇಲಿನ ಅಂಗಡಿಯಲ್ಲಿ ಸುತ್ತಿಗೆ ನಿಂತಿತು. ಭಾವ ಅರ್ಧ ಸ್ವರದಲ್ಲೇ ಗಕ್ಕನೆ ನಿಂತ. ಗಾಬರಿಗೆ ಡ್ರೈವರೂ ನಿಂತ, ಮೇಷ್ಟ್ರ ಕೈಯೂ ನಿಂತಿತು. ಅವರೆಲ್ಲ ಬಿಟ್ಟುಕೊಟ್ಟ ಜಾಗದಲ್ಲಿ ಡ್ರಮ್ಸ್ ತಾನೊಂದೇ ಹೆಜ್ಜೆ ಹಾಕಿತು, ಹತ್ತು ವರ್ಷ ಕತ್ತಲೆಯಲ್ಲಿ ತೊಡೆಯ ಮೇಲೆ ತಟ್ಟಿದ್ದು ತಟ್ಟಿದ ಹಾಗೆ. ನಾಲ್ಕು ಆವರ್ತ ಬಾರಿಸಿ, ಮೌನಿ ತಲೆಯೆತ್ತಿ ನಕ್ಕು, "ಈಗ ಬಾ," ಅಂದ. ಭಾವ ಬಂದ, ಮೂರೇ ಸ್ವರ ಊದಿದ, ಮೂರೂ ಬಂಗಾರ.

ಐದು ನಿಮಿಷ ಐವತ್ತೆರಡು ಸೆಕೆಂಡು. ಗಾಜಿನಾಚೆ ಅಕ್ಕ ಕನ್ನಡಕ ತೆಗೆದು, ಉಳಿಸಿಟ್ಟ ನಗುವಿನಲ್ಲಿ ಒಂದಿಷ್ಟು ಖರ್ಚು ಮಾಡಿದಳು. ಸಂಜೆಯೊಳಗೆ ಮಿಕ್ಕ ಆರೂ ಟ್ಯೂನು ಮುಗಿದವು. ಬೈಗುಳ ಒಂದನ್ನೂ ಅಳಿಸಬಾರದು ಎಂದು ಹಟ ಹಿಡಿದವನು ಭಾವ. ಮೊದಲ ಟ್ಯೂನಿಗೆ "ಸಾಕು ಭಾವ" ಎಂದು ಹೆಸರಿಟ್ಟವನೂ ಅವನೇ. ಆಲ್ಬಮ್ಮಿನ ಬೆನ್ನಿಗೆ "ಡ್ರಮ್ಸ್ ಮತ್ತು ಮಾತು: ಮೌನಿ" ಎಂದು ಅಚ್ಚಾಯಿತು.

ಅದು ಮನೆಗೆ ಬಂದ ದಿನ ಮಧ್ಯಾಹ್ನ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, ಕೈ ಒರೆಸಿಕೊಂಡು ಕೇಳಲು ಕೂತಳು. ಅಣ್ಣ ಬೈಸಿಕೊಂಡದ್ದಕ್ಕೆ ನಕ್ಕಳು, ಮೇಷ್ಟ್ರಿಗೆ ಅಂದದ್ದಕ್ಕೂ ನಕ್ಕಳು. ಏಳನೆಯ ಟ್ಯೂನು ಮುಗಿಯುವಾಗ ನಗು ನಿಂತಿತ್ತು. ಎದ್ದು ಒಳಗೆ ಹೋಗಿ, ಒಂದು ಪಾತ್ರೆ ತಂದು ಗಂಡನ ಮುಂದೆ ಬೋರಲು ಹಾಕಿದಳು. ಅವನ ಎರಡೂ ಕೈಗೆ ಎರಡು ಮರದ ಸೌಟು ಕೊಟ್ಟಳು.

"ಬಾರಿಸ್ತಾ ಹೇಳಿ," ಅಂದಳು. "ನನ್ನನ್ನ ಮೊದಲ ಸಲ ನೋಡಿದಾಗ ಏನನ್ನಿಸ್ತು?"

ಮೌನಿ ಪಾತ್ರೆ ನೋಡಿದ, ಅವಳನ್ನು ನೋಡಿದ. ಬಲಗೈ ಮೆಲ್ಲಗೆ ತಟ್ಟತೊಡಗಿತು, ಎಡಗೈ ಜೊತೆಗೂಡಿತು. "ನೀನು ಭಾವನ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ," ಅಂದ. "ಹಸಿರು ಸ್ವೆಟರು. ಒಂದು ಗುಂಡಿ ತಪ್ಪಿ ಹಾಕಿದ್ದೆ. ಅದನ್ನ ಹೇಳ್ಬೇಕು ಅನ್ನಿಸ್ತು. ಹೇಳಿದ್ರೆ ನೀನು ಒಳಗೆ ಹೋಗಿಬಿಡ್ತೀಯ ಅಂತ ಸುಮ್ಮನಾದೆ. ಆಮೇಲೆ ನೀನು ನನ್ನ ಕಡೆ ತಿರುಗಿದೆ ನೋಡು, ಆಗ…"

ಮಾತು ಬರುತ್ತಲೇ ಇತ್ತು. ಒಳಗೆ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು, ಸೀದ ವಾಸನೆ ಮನೆಯೆಲ್ಲ ತುಂಬಿತು. ಅವಳು ಸಾಕು ಅನ್ನಲಿಲ್ಲ.